ತೋಟದ ಮನೆಗೆ ಸೋಲಾರ್: ವೈರಿನಲ್ಲಿ ಜಿಪುಣತನ ಬೇಡ

ತೀರ್ಥಹಳ್ಳಿ, ಸಾಗರ, ಶಿರಸಿ ಕಡೆ ಕರೆಂಟು ಕಂಬ ತಲುಪದ ತೋಟದ ಮನೆಗಳು ಇನ್ನೂ ಇವೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಅಲ್ಲೇ ಇರಬೇಕಾಗುತ್ತದೆ. ಹಾಗಾಗಿ ಒಬ್ಬರನ್ನು ನೋಡಿ ಒಬ್ಬರು ಸೋಲಾರ್ ಹಾಕಿಸುತ್ತಿದ್ದಾರೆ. ಹಾಕಿಸಿದ ಮೇಲೆ ಕೇಳಿಬರುವ ದೂರು ಮಾತ್ರ ಒಂದೇ: "ಪ್ಯಾನಲ್ ದೊಡ್ಡದೇ ಇದೆ, ಆದರೂ ರಾತ್ರಿ ಎಂಟಕ್ಕೆಲ್ಲ ಲೈಟು ಮಂಕು." ಹೋಗಿ ನೋಡಿದರೆ ಹೆಚ್ಚಿನ ಕಡೆ ತಪ್ಪು ಪ್ಯಾನಲಿನದಲ್ಲ, ಅಲ್ಲಿಂದ ಮನೆಗೆ ಎಳೆದ ವೈರಿನದು.

ಸಬ್ಸಿಡಿ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆ ಇರುವುದು ಗ್ರಿಡ್ ಸಂಪರ್ಕವಿರುವ ಮನೆಗಳಿಗೆ. ಕಂಬವೇ ಇಲ್ಲದ ಮನೆಗೆ ಅದನ್ನು ಕೊಡಿಸುತ್ತೇನೆಂದು ಯಾರಾದರೂ ಮುಂಗಡ ಕೇಳಿದರೆ ಕೊಡಬೇಡಿ.

ಲೆಕ್ಕ

ಒಂಬತ್ತು ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬು ಐದು ಗಂಟೆ ಉರಿದರೆ 180 ವ್ಯಾಟ್ ಅವರ್. ಕಡಿಮೆ ಕರೆಂಟು ತಿನ್ನುವ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ರಾತ್ರಿ ಎಂಟು ಗಂಟೆ ತಿರುಗಿದರೆ 240. ಎರಡು ಮೊಬೈಲಿಗೆ 30. ಒಟ್ಟು 450. ಮನೆಯಲ್ಲಿರುವ ಹಳೇ 75 ವ್ಯಾಟಿನ ಫ್ಯಾನನ್ನೇ ತಂದು ಹಾಕಿದರೆ ಅದೊಂದಕ್ಕೇ 600 ಬೇಕು. ಫ್ಯಾನು ಬದಲಾಯಿಸುವುದು ಪ್ಯಾನಲ್ ಹೆಚ್ಚಿಸುವುದಕ್ಕಿಂತ ಅಗ್ಗ. ಇಸ್ತ್ರಿಪೆಟ್ಟಿಗೆ, ಗೀಸರ್, ಇಂಡಕ್ಷನ್ ಒಲೆ ಮರೆತುಬಿಡಿ. ಬಚ್ಚಲಲ್ಲಿ ಹಂಡೆ ಇದೆಯಲ್ಲ!

ಬ್ಯಾಟರಿ

12 ವೋಲ್ಟಿನ 150 ಆಂಪಿಯರ್ ಅವರ್ ಟ್ಯೂಬುಲರ್ (ನೀರು ಹಾಕುವ ಲೆಡ್ ಆಸಿಡ್) ಬ್ಯಾಟರಿಯಲ್ಲಿ 1800 ವ್ಯಾಟ್ ಅವರ್ ಇರುತ್ತದೆ. ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಬಾರದು, ಹಾಗಾಗಿ ಕೈಗೆ ಸಿಗುವುದು 900. ಅಂದರೆ ಎರಡು ದಿನದ ಖರ್ಚು. ಒಂದು ದಿನ ಮೋಡ ಕವಿದರೂ ತೊಂದರೆ ಇಲ್ಲ. ಕೊಳ್ಳುವಾಗ ಲೇಬಲ್ಲಿನಲ್ಲಿ 'ಸಿ10' ಎಂದು ಇದೆಯಾ ನೋಡಿ, ಅಂದರೆ ಹತ್ತು ಗಂಟೆಯಲ್ಲಿ ಖಾಲಿ ಮಾಡಿದಾಗ ಸಿಗುವ ಅಳತೆ. 'ಸಿ20' ಎಂದರೆ ಇಪ್ಪತ್ತು ಗಂಟೆಯ ಲೆಕ್ಕ, ಅದರಲ್ಲಿ 150 ಇರುವುದು ಸಿ10 ಲೆಕ್ಕದಲ್ಲಿ ಅಷ್ಟು ಇರುವುದಿಲ್ಲ. ಜೀಪಿನ ಹಳೇ ಬ್ಯಾಟರಿ ಬೇಡವೇ ಬೇಡ. ಅದರ ತೆಳು ಪ್ಲೇಟುಗಳು ಇರುವುದು ಇಂಜಿನ್ ಸ್ಟಾರ್ಟ್ ಮಾಡಲು, ರಾತ್ರಿಯಿಡೀ ಫ್ಯಾನು ತಿರುಗಿಸಲು ಅಲ್ಲ.

ವರ್ಷದಲ್ಲಿ ಬಹಳ ಕಾಲ ಬೀಗ ಹಾಕಿರುವ ಮನೆಯಾದರೆ ನನ್ನ ಮತ ಲಿಥಿಯಂಗೆ, ಅದರಲ್ಲೂ ಎಲ್‌ಎಫ್‌ಪಿಗೆ (ಲಿಥಿಯಂ ಐರನ್ ಫಾಸ್ಫೇಟ್). ದುಡ್ಡು ಜಾಸ್ತಿ, ಆದರೆ ನೀರು ಹಾಕಲು ಯಾರೂ ಹೋಗಬೇಕಿಲ್ಲ. ಪ್ಯಾನಲಿನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹದಮಾಡುವ ಕಂಟ್ರೋಲರಿನಲ್ಲಿ ಲಿಥಿಯಂ ಸೆಟ್ಟಿಂಗ್ ಇರಲೇಬೇಕು.

ಪ್ಯಾನಲ್

ಕೊಯ್ಲಿನ ಕಾಲದ ಬಿಸಿಲಿಗೆ ನೂರು ವ್ಯಾಟಿನ ಎರಡು ಸಾಕು. ಮಳೆಗಾಲದಲ್ಲೂ ಅಲ್ಲೇ ಇರುವವರಾದರೆ ನಾಲ್ಕು ಹಾಕಿ. ದಕ್ಷಿಣಕ್ಕೆ ಮುಖ, ಸುಮಾರು 15 ಡಿಗ್ರಿ ಓರೆ. ಒಂದೇ ಒಂದು ಅಡಿಕೆ ಮರದ ನೆರಳು ಬಿದ್ದರೂ ಪ್ಯಾನಲಿನ ದೊಡ್ಡ ಭಾಗ ಕೆಲಸ ನಿಲ್ಲಿಸುತ್ತದೆ, ಏಕೆಂದರೆ ಒಳಗಿನ ಸೆಲ್ಲುಗಳೆಲ್ಲ ಸಾಲಾಗಿ ಜೋಡಣೆಯಾಗಿರುತ್ತವೆ.

ಪೇಟೆಯಲ್ಲಿ ಒಂದು ಬಲೆ ಇದೆ. 540 ವ್ಯಾಟಿನ ದೊಡ್ಡ ಪ್ಯಾನಲ್ ಲೆಕ್ಕಕ್ಕೆ ಅಗ್ಗ ಎಂದು ಕೊಳ್ಳುತ್ತಾರೆ. ಜೊತೆಗೆ ಕಡಿಮೆ ಬೆಲೆಯ ಪಿಡಬ್ಲ್ಯುಎಂ ಕಂಟ್ರೋಲರ್. ಆ ಪ್ಯಾನಲ್ ಕೊಡುವುದು 41 ವೋಲ್ಟ್, 13 ಆಂಪಿಯರ್. ಪಿಡಬ್ಲ್ಯುಎಂ ಅದನ್ನು ಬ್ಯಾಟರಿಯ 13 ವೋಲ್ಟಿಗೆ ಎಳೆದು ಕೂರಿಸುತ್ತದೆ. ಸಿಗುವುದು 170 ವ್ಯಾಟ್, ಉಳಿದದ್ದು ಹೋಯಿತು. ಹೆಚ್ಚಿನ ವೋಲ್ಟನ್ನು ವ್ಯರ್ಥ ಮಾಡದೆ ಇಳಿಸಿ ಆಂಪಿಯರ್ ಹೆಚ್ಚಿಸುವ ಎಂಪಿಪಿಟಿ ಕಂಟ್ರೋಲರನ್ನೇ ಕೊಳ್ಳಿ. ಡಬ್ಬಿಯ ಮೇಲೆ ಎಂಪಿಪಿಟಿ ಎಂದು ಅಚ್ಚು ಹಾಕಿ ಒಳಗೆ ಪಿಡಬ್ಲ್ಯುಎಂ ಇಟ್ಟು ಮಾರುವವರೂ ಇದ್ದಾರೆ. ಅಂಗೈಯಷ್ಟೇ ಇದ್ದು ಸಾವಿರ ರೂಪಾಯಿಗೆ ಸಿಕ್ಕರೆ ಅದು ಎಂಪಿಪಿಟಿ ಅಲ್ಲ.

ವೈರು

ಮನೆ ನೆರಳಲ್ಲಿ, ಬಿಸಿಲು ಅಡಿಕೆ ಒಣಗಿಸುವ ಅಂಗಳದಲ್ಲಿ. ಹಾಗಾಗಿ ಪ್ಯಾನಲ್ ಅಂಗಳದಾಚೆ ಹೋಗುತ್ತದೆ, ಮನೆಗೆ 20 ಮೀಟರ್. ಅಂಗಡಿಯವರು 1.5 ಸ್ಕ್ವೇರ್ ಎಂಎಂ ದಪ್ಪದ ವೈರಿನ ಸುರುಳಿ ಕೊಟ್ಟು, "ಇದೇ ಸಾಕು ಸಾರ್, ಎಲ್ಲರೂ ಇದನ್ನೇ ತಗೊಳ್ಳೋದು" ಅನ್ನುತ್ತಾರೆ. ಮನೆಯ 230 ವೋಲ್ಟಿನ ಲೈಟಿಗೆ ಅದು ಸಾಕು. ಇಲ್ಲಿ ಸಾಲದು.

ಯಾಕೆ ಅಂತ ನೋಡಿ. ಎರಡು ಪ್ಯಾನಲನ್ನು ಪ್ಯಾರಲಲ್ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್) ಜೋಡಿಸಿದರೆ 18 ವೋಲ್ಟಿನಲ್ಲಿ 11 ಆಂಪಿಯರ್ ಹರಿಯುತ್ತದೆ. ಹೋಗಿ ಬರುವ ದಾರಿ ಸೇರಿ ವೈರು 40 ಮೀಟರ್. 1.5ರ ತಾಮ್ರದಲ್ಲಿ ದಾರಿಯಲ್ಲೇ ಸುಮಾರು 5 ವೋಲ್ಟ್ ಕರಗುತ್ತದೆ. ಮನೆಗೆ ಮುಟ್ಟುವುದು 13. ಲೆಡ್ ಆಸಿಡ್ ಬ್ಯಾಟರಿ ತುಂಬಲು ಬೇಕಾದದ್ದು 14.4 ವೋಲ್ಟ್. ಸಂಜೆವರೆಗೆ ಬಿಸಿಲಿದ್ದರೂ ಅದು ತುಂಬುವುದಿಲ್ಲ. ವೈರನ್ನು 6 ಸ್ಕ್ವೇರ್ ಎಂಎಂ ಮಾಡಿದರೆ ನಷ್ಟ 1.3 ವೋಲ್ಟಿಗೆ ಇಳಿಯುತ್ತದೆ.

ಇನ್ನೂ ಸುಲಭದ ದಾರಿ: ಪ್ಯಾನಲ್‌ಗಳನ್ನು ಸೀರೀಸ್ (ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್) ಜೋಡಿಸಿ. ಆಗ 36 ವೋಲ್ಟ್, 5.5 ಆಂಪಿಯರ್. 4 ಸ್ಕ್ವೇರ್ ಎಂಎಂ ವೈರಿನಲ್ಲೂ ಹೋಗುವುದು ಒಂದು ವೋಲ್ಟಿನಷ್ಟೇ. 36ರಲ್ಲಿ ಒಂದು ಯಾವ ಲೆಕ್ಕ? ಇಳಿಸುವ ಕೆಲಸ ಎಂಪಿಪಿಟಿ ನೋಡಿಕೊಳ್ಳುತ್ತದೆ. ನಾನು ಯಾರಿಗಾದರೂ ಹೇಳುವುದು ಇದನ್ನೇ.

ಕೊಳ್ಳಬೇಕಾದ್ದು ಸೋಲಾರಿನ ಡಿಸಿ ಕೇಬಲ್. ಮನೆ ವೈರಿನ ಸಿಪ್ಪೆ ಬಿಸಿಲಿಗೆ ಬಿರುಕು ಬಿಡುತ್ತದೆ. ಅಂಗಡಿಯಲ್ಲೇ ಒಂದು ಎಳೆಯನ್ನು ಚಾಕುವಿನಿಂದ ಹೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ. ಆದರೆ ಒಳ್ಳೆಯ ಡಿಸಿ ಕೇಬಲ್ಲಿಗೆ ತವರ ಬಳಿದಿರುತ್ತಾರೆ, ಅದು ಹೊರಗೆ ಬೆಳ್ಳಗೆ, ಹೆರೆದರೆ ಕೆಂಪು. ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ.

ಆಮೇಲೆ ಜಾಯಿಂಟು. ವೈರು ತಿರುಚಿ ಕಪ್ಪು ಟೇಪು ಸುತ್ತುವುದು ನಮ್ಮ ಕಡೆ ಕಲೆಯೇ ಆಗಿಬಿಟ್ಟಿದೆ. ಮಲೆನಾಡಿನ ಒಂದು ಮಳೆಗಾಲ ಕಳೆದ ಮೇಲೆ ಟೇಪು ಬಿಚ್ಚಿದರೆ ಒಳಗೆ ಹಸಿರು ಪುಡಿ ಇರುತ್ತದೆ. ಪ್ಯಾನಲಿನ ಕೇಬಲ್ಲಿಗೆ ಎಂಸಿ4 ಎಂಬ ಸೋಲಾರ್ ಕನೆಕ್ಟರನ್ನೇ ಹಾಕಿ. ಅದನ್ನು ಕ್ರಿಂಪಿಂಗ್ ಟೂಲಿನಿಂದ ಒತ್ತಬೇಕು, ಇಕ್ಕಳದಿಂದಲ್ಲ. ಒತ್ತಿದ ಮೇಲೆ ಪಿನ್ನು ಹಿಡಿದು ಜೋರಾಗಿ ಎಳೆಯಿರಿ. ಕಿತ್ತು ಬಂದರೆ ಕತ್ತರಿಸಿ ಮತ್ತೆ ಮಾಡಿ. ಪಿನ್ನು ಒಳಗೆ ಕೂರುವಾಗ ಟಕ್ ಎಂಬ ಸದ್ದು ಬರಬೇಕು. ಮೊದಲ ದಿನ ಮಧ್ಯಾಹ್ನ ಪ್ರತಿ ಕನೆಕ್ಟರಿನ ಪ್ಲಾಸ್ಟಿಕ್ಕನ್ನು ಮುಟ್ಟಿ ನೋಡಿ. ಕೇಬಲ್ಲಿಗಿಂತ ಅದೇ ಬಿಸಿಯಿದ್ದರೆ ಜಾಯಿಂಟು ಸರಿಯಿಲ್ಲ. ಬಿಚ್ಚುವ ಮೊದಲು ಪ್ಯಾನಲಿನ ಎಂಸಿಬಿ (ಕರೆಂಟು ಕಡಿಯುವ ಸ್ವಿಚ್ಚು) ಇಳಿಸಿ. ಕೇಬಲ್ ಪೂರ್ತಿ ಪೈಪಿನೊಳಗೆ ಹೋಗಲಿ, ಇಲ್ಲದಿದ್ದರೆ ಇಲಿ ಕಡಿಯುತ್ತದೆ, ಮಂಗ ಜೋತಾಡುತ್ತದೆ.

ಜೋಡಿಸುವ ಕ್ರಮ

ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನಲ್. ಬಿಚ್ಚುವಾಗ ಉಲ್ಟಾ. ಬ್ಯಾಟರಿ ನೋಡಿಯೇ ಕಂಟ್ರೋಲರ್ 12 ವೋಲ್ಟೋ 24 ವೋಲ್ಟೋ ಎಂದು ತಿಳಿದುಕೊಳ್ಳುತ್ತದೆ. ಪ್ಯಾನಲ್ ಮೊದಲು ಬಂದರೆ ಸುಟ್ಟುಹೋಗಲೂಬಹುದು. ಇನ್ವರ್ಟರನ್ನು ಕಂಟ್ರೋಲರಿನ ಲೋಡ್ ತುದಿಗೆ ಕೊಡಬೇಡಿ, ನೇರ ಬ್ಯಾಟರಿಗೇ ಕೊಡಿ. 500 ವ್ಯಾಟಿನ ಇನ್ವರ್ಟರ್ ಪೂರ್ತಿ ಓಡುವಾಗ 40 ಆಂಪಿಯರಿಗೂ ಮೇಲೆ ಎಳೆಯುತ್ತದೆ. ಅದಕ್ಕೆ 16 ಸ್ಕ್ವೇರ್ ಎಂಎಂ ಕೇಬಲ್, ಉದ್ದ ಒಂದೂವರೆ ಮೀಟರಿನೊಳಗೆ. ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ 60 ಆಂಪಿಯರಿನ ಫ್ಯೂಸು. ಪ್ಯಾನಲ್ ಲೈನಿಗೆ ಡಿಸಿ ಎಂದೇ ಬರೆದ ಎಂಸಿಬಿ. ಮನೆಯ ಎಸಿ ಎಂಸಿಬಿ ಹಾಕಿದರೆ ಡಿಸಿಯ ಕಿಡಿಯನ್ನು ಅದು ಆರಿಸಲಾರದು.

ಪ್ಯಾನಲಿನ ಚೌಕಟ್ಟಿಗೆ ಅರ್ಥಿಂಗ್ ಮಾಡಿಸಿ. ಏಪ್ರಿಲ್-ಮೇ ತಿಂಗಳ ಗುಡುಗಿಗೆ ಮೋಡ ಕಟ್ಟುವಾಗಲೇ ಪ್ಯಾನಲಿನ ಎಂಸಿಬಿ ಇಳಿಸಿಬಿಡಿ, ಸಿಡಿಲು ಹತ್ತಿರ ಬಂದ ಮೇಲೆ ಅಲ್ಲ. ಟ್ಯೂಬುಲರ್ ಬ್ಯಾಟರಿಯನ್ನು ಗಾಳಿಯಾಡುವ ಜಗಲಿ ಮೂಲೆಯಲ್ಲಿಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಒಲೆ ಇರುವ ಕೋಣೆ ಬೇಡ.

ಒಂದು ಮಲ್ಟಿಮೀಟರ್ ಮನೆಯಲ್ಲಿರಲಿ. ಟ್ಯೂಬುಲರ್ ಬ್ಯಾಟರಿಯಾದರೆ ಬೆಳಿಗ್ಗೆ ಬಿಸಿಲು ಬರುವ ಮುಂಚೆ, ಎಲ್ಲ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಅಳೆಯಿರಿ. 12.7 ಇದ್ದರೆ ಪೂರ್ತಿ ತುಂಬಿದೆ. 12.2 ಇದ್ದರೆ ಹೆಚ್ಚುಕಡಿಮೆ ಅರ್ಧ. ಅದಕ್ಕೂ ಕೆಳಗಿದ್ದರೆ ಅವತ್ತು ರಾತ್ರಿ ಫ್ಯಾನು ಹಾಕಬೇಡಿ.