ಸಿಟ್ಟು ನುಂಗುವುದನ್ನು ಬಿಟ್ಟ ಮೇಲೆ

ನರ್ಸ್ ಆದ ಮೊದಲ ಆರು ವರ್ಷದಲ್ಲಿ ನಾನು ಚೆನ್ನಾಗಿ ಕಲಿತದ್ದು ಸಿಟ್ಟು ನುಂಗುವುದನ್ನು. ರೋಗಿಯ ಕಡೆಯವರು ಕೂಗಾಡಿದರೂ ನಗು, ಡಾಕ್ಟರು ಎಲ್ಲರ ಮುಂದೆ ಬೈದರೂ ನಗು. "ಎಷ್ಟು ತಾಳ್ಮೆ ಸಿಸ್ಟರ್ ನಿಮಗೆ" ಅನ್ನುತ್ತಿದ್ದರು. ಮನೆಯಲ್ಲಿ ಮಾತ್ರ ಒಂದು ಚಮಚ ಬಿದ್ದ ಸದ್ದಿಗೂ ರೇಗುತ್ತಿದ್ದೆ. ರೋಗಿಗಳ ಹೆಸರು ನೆನಪಿರುತ್ತಿರಲಿಲ್ಲ, ಬೆಡ್ ನಂಬರ್ ಮಾತ್ರ.

ಒಂದು ನೈಟ್ ಡ್ಯೂಟಿ. ಒಂದು ಗಂಟೆ ಮುಂಚೆ ನನ್ನ ವಾರ್ಡಿನ ಅಜ್ಜಿಯೊಬ್ಬರು ತೀರಿಕೊಂಡಿದ್ದರು. ಆ ಕೆಲಸ ಮುಗಿಸಿ ಬರುವಷ್ಟರಲ್ಲಿ ಇನ್ನೊಬ್ಬ ರೋಗಿಯ ಮಗ ಸಿಡಿದುಬಿದ್ದ. "ಡ್ರಿಪ್ ಮುಗಿದು ಹತ್ತು ನಿಮಿಷ ಆಯ್ತು, ಯಾರೂ ಬರಲ್ಲ!" ನಾನು ಅಭ್ಯಾಸಬಲದಿಂದ ನಕ್ಕೆ. ಅವನಿಗೆ ಇನ್ನೂ ಸಿಟ್ಟು ಬಂತು. "ನಗ್ತೀರಾ?"

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೋದೆ. ಈ ಸಲ ನಗಲಿಲ್ಲ. "ತುಂಬಾ ಹೆದರಿಕೆ ಆಯ್ತು ಅಲ್ವಾ?" ಎಂದು ಕೇಳಿದೆ. ಅವನ ದನಿಯೇ ಬದಲಾಯಿತು. "ಬಾಟಲ್ ಖಾಲಿಯಾದ್ರೆ ಅಪ್ಪನ ಮೈಗೆ ಗಾಳಿ ಹೋಗಲ್ವಾ ಸಿಸ್ಟರ್?" ಈ ಭಯ ತುಂಬಾ ಜನಕ್ಕಿದೆ. ತೂಗುಹಾಕಿದ ಡ್ರಿಪ್ ಖಾಲಿಯಾದರೆ ಸಾಮಾನ್ಯವಾಗಿ ದ್ರವ ಟ್ಯೂಬಿನಲ್ಲೇ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ, ಗಾಳಿ ಮೈಗೆ ಹೋಗುವುದಿಲ್ಲ. ಅದನ್ನು ಟ್ಯೂಬಿನಲ್ಲೇ ತೋರಿಸಿದೆ. ಎರಡು ನಿಮಿಷದ ಕೆಲಸ.

ಭಾವನಾತ್ಮಕ ಬುದ್ಧಿವಂತಿಕೆ ಅಂದರೆ ನುಂಗಿಕೊಂಡು ನಗುವುದು ಅಂತಲೇ ನಾನು ತಿಳಿದಿದ್ದೆ. 1990ರಲ್ಲಿ ಸಾಲೊವೆ ಮತ್ತು ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ಅದನ್ನು ವಿವರಿಸಿದ್ದು ಬೇರೆ ಥರ: ನಮ್ಮ ಮತ್ತು ಬೇರೆಯವರ ಭಾವನೆಯನ್ನು ಗಮನಿಸಿ, ಯಾವುದು ಯಾವುದೆಂದು ಬಿಡಿಸಿ ತಿಳಿದು, ಅದರಂತೆ ಯೋಚಿಸಿ ನಡೆಯುವುದು. ನಾನು ಮಾಡುತ್ತಿದ್ದುದಕ್ಕೆ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲೇ ಹೆಸರಿಟ್ಟಿದ್ದರು, ಮೇಲುಮೇಲಿನ ನಟನೆ ಅಂತ. ಅವರು ಗಮನಿಸಿದ್ದು ಗಗನಸಖಿಯರನ್ನು. ನಮ್ಮದೂ ಅದೇ ಪಾಡು, ಸೂಜಿ ಒಂದು ಜಾಸ್ತಿ.

ಆಮೇಲೆ ಒಂದು ರೂಢಿ ಮಾಡಿಕೊಂಡೆ. ಪ್ರತಿ ರೋಗಿಯ ಬಳಿ ಹೋಗುವ ಮುಂಚೆ ಹ್ಯಾಂಡ್‌ರಬ್ ಹಾಕಿ ಕೈ ಉಜ್ಜಲೇಬೇಕು. ಸರಿಯಾಗಿ ಉಜ್ಜಿದರೆ 20ರಿಂದ 30 ಸೆಕೆಂಡ್. ಅಷ್ಟರಲ್ಲಿ ನನ್ನನ್ನೇ ಕೇಳಿಕೊಳ್ಳುತ್ತೇನೆ, ಈಗ ಒಳಗೆ ಏನಿದೆ? "ಮೂಡ್ ಸರಿಯಿಲ್ಲ" ಅನ್ನುವ ಉತ್ತರ ನಡೆಯುವುದಿಲ್ಲ. ಅವಮಾನವೋ, ದುಃಖವೋ, ಬರೀ ಹಸಿವೋ, ಸರಿಯಾದ ಹೆಸರು ಬೇಕು. ಸಿಟ್ಟು ಅಂದುಕೊಂಡದ್ದು ಎಷ್ಟೋ ಸಲ ಭಯವಾಗಿತ್ತು, ಔಷಧಿಯ ಡೋಸ್ ಸರಿಯಾಗಿ ಕೊಟ್ಟೆನಾ ಎಂಬ ಭಯ. ಅದು ಗೊತ್ತಾದರೆ ಸುಮ್ನೆ ಒಳಗೊಳಗೇ ಕುದಿಯುವುದು ಬೇಡ, ಚಾರ್ಟ್ ಇನ್ನೊಮ್ಮೆ ನೋಡಿದರಾಯಿತು.

ಡಾಕ್ಟರ ವಿಷಯ ಕಷ್ಟವಾಯಿತು. "ತಪ್ಪಿದ್ದರೆ ಹೇಳಿ ಸರ್, ರೋಗಿಯ ಮುಂದೆ ಬೇಡ" ಎಂದು ಮೊದಲ ಸಲ ಒಬ್ಬರ ಹತ್ತಿರ ಪಕ್ಕಕ್ಕೆ ಹೋಗಿ ಹೇಳಿದಾಗ ನನ್ನ ದನಿ ನಡುಗುತ್ತಿತ್ತು. ಅವರು ತಿದ್ದಿಕೊಂಡರು. ಇನ್ನೊಬ್ಬರು ತಿದ್ದಿಕೊಳ್ಳಲಿಲ್ಲ.

ಇದರಿಂದ ಕೆಲಸ ಹಗುರವಾಗಲಿಲ್ಲ. ಆಳು ಕಡಿಮೆ ಇದ್ದರೆ ಕಡಿಮೆಯೇ. ಖಾಲಿ ಹುದ್ದೆ ತುಂಬುವ ಬದಲು ನಮ್ಮನ್ನು ಒತ್ತಡ ನಿಭಾಯಿಸುವ ತರಬೇತಿಗೆ ಕೂರಿಸಿದಾಗ ನನಗೆ ಮೈ ಉರಿಯಿತು. ಅದಕ್ಕೂ ಹೆಸರು ಹುಡುಕಿದೆ. ಅನ್ಯಾಯ ಅನ್ನಿಸಿತ್ತು. ಹಾಗಾಗಿ ಎಷ್ಟು ಬೆಡ್‌ಗೆ ಎಷ್ಟು ಜನ ಇದ್ದೇವೆ ಎಂದು ಲೆಕ್ಕ ಬರೆದು ಇನ್‌ಚಾರ್ಜ್ ಸಿಸ್ಟರ್‌ಗೆ ಕೊಟ್ಟೆ. ಒಂದು ಹುದ್ದೆ ತುಂಬಿತು. ಡ್ಯೂಟಿಗೆ ಹೊರಡುವಾಗ ಹೊಟ್ಟೆ ಹಿಂಡುವುದು ಈಗ ಅಪರೂಪ.

ಡ್ಯೂಟಿ ಮುಗಿಸಿ ಮುಂದಿನ ಸಿಸ್ಟರ್‌ಗೆ ಹ್ಯಾಂಡೋವರ್ ಕೊಡುವಾಗ ಬಿಪಿ, ಡ್ರಿಪ್, ಔಷಧಿಯ ಜೊತೆ ಒಂದು ಸಾಲು ಸೇರಿಸುತ್ತೇನೆ. "ಇವರ ಮಗ ರಾತ್ರಿ ಹೆದರಿಕೊಂಡಿದ್ದ, ಬಾಟಲ್ ಮುಗಿಯೋ ಮುಂಚೆಯೇ ಒಂದ್ಸಲ ಹೋಗಿ ಬಾ."