ಮಂಚದ ಕೆಳಗಿನ ಚಿಗರಿ: ಹೆದರಿದ ನಾಯಿಯನ್ನು ಮನೆಯಲ್ಲಿ ಇಟ್ಟುಕೊಳ್ಳೋದು ಹೇಗೆ

ಚಿಗರಿ ಮನೆಗೆ ಬಂದ ದಿನ ಆಟೋದಿಂದ ಇಳಿಸಿ ಒಳಗೆ ಬಿಟ್ಟಿದ್ದೇ ತಡ, ಸೀದಾ ಮಂಚದ ಕೆಳಗೆ ನುಗ್ಗಿ ಗೋಡೆಗೆ ಮುಖ ಮಾಡಿ ಕೂತಳು. ನಾಲ್ಕು ದಿನ ಅಲ್ಲೇ. ನವನಗರದ ಹತ್ತಿರ, ಹುಬ್ಬಳ್ಳಿ-ಧಾರವಾಡ ನಡುವೆ ಓಡೋ ಚಿಗರಿ ಬಸ್ಸಿನ ದಾರಿ ಪಕ್ಕ ಮಳೆಯಲ್ಲಿ ಸಿಕ್ಕಿದ್ದಕ್ಕೆ ಆ ಹೆಸರು. ನಮ್ಮತ್ತೆ ಬಗ್ಗಿ ನೋಡಿ, "ನಾಯಿ ತಂದೀಯೋ, ಹೊಸ ಸೊಸಿ ತಂದೀಯೋ? ಮುಖಾನ ತೋರಸವಲ್ದು" ಅಂದರು.

ಧಾರವಾಡದ ಮಾಳಮಡ್ಡಿಯ ನಮ್ಮ ಹಂಚಿನ ಮನೆಗೆ ಬಂದ ಏಳನೇ ನಾಯಿ ಅವಳು. ಬೀದಿಯಿಂದ ಎತ್ತಿ ತಂದ ಹುಡುಗರು ಔಷಧ ಮಾಡಿಸಿ ನಮ್ಮಲ್ಲಿ ಬಿಡುತ್ತಾರೆ. ಸಾಕೋರು ಸಿಗೋವರೆಗೆ ಇಟ್ಟುಕೊಳ್ಳೋದು ನಮ್ಮ ಪಾಲಿನ ಕೆಲಸ. ಮೊದಲೆರಡು ನಾಯಿಗಳಿಗೆ ನಾನು ಮಾಡಿದ ತಪ್ಪು ಒಂದೇ: ಪ್ರೀತಿ ಜಾಸ್ತಿ ಆಗಿತ್ತು. ಮುದ್ದು ಮಾಡೋಕೆ ಹೋಗಿ ಇನ್ನಷ್ಟು ಹೆದರಿಸಿದೆ.

ನಾಯಿ ಬರೋ ಮೊದಲೇ ಜಾಗ ಗೊತ್ತು ಮಾಡಿ. ಓಡಾಟ ಕಡಿಮೆ ಇರೋ ಒಂದು ಕೋಣೆ ಸಾಕು. ಮಂಚದ ಕೆಳಗೆ ಹಳೇ ಕೌದಿ ಹಾಸಿ, ಹತ್ತಿರದಲ್ಲೇ ನೀರಿಡಿ. ಅಡಗೋ ಜಾಗ ಅದರದ್ದೇ. ಅಲ್ಲಿಗೆ ಕೈ ಹಾಕಿ ಎಳೆಯೋ ಹಾಗಿಲ್ಲ, ಮಕ್ಕಳು ಬಗ್ಗಿ ನೋಡೋ ಹಾಗೂ ಇಲ್ಲ. ಮನೆಯಲ್ಲಿ ಬೇರೆ ನಾಯಿ ಇದ್ದರೆ ಎರಡು ವಾರ ಬೇರೆ ಬೇರೆ ಇಡಿ. ಪಾರ್ವೊ, ಡಿಸ್ಟೆಂಪರ್ ಅನ್ನೋ ನಾಯಿಗಳ ಅಂಟುರೋಗ ಎರಡೂ ಸುಮಾರು ದಿನ ಒಳಗೇ ಇದ್ದು ಆಮೇಲೆ ಕಾಣಿಸುತ್ತವೆ. ರೇಬಿಸ್ ಲಸಿಕೆ ಆಗಿದೆಯಾ ಅಂತ ಕೇಳಿ, ಚೀಟಿ ತಗೊಳ್ಳಿ.

ಮೊದಲ ಮೂರು ದಿನ ಏನೂ ಮಾಡಬೇಡಿ. ಸ್ನಾನ ಬೇಡ, ಫೋಟೋ ಬೇಡ, ನೋಡೋಕೆ ಬರೋ ನೆಂಟರಂತೂ ಬೇಡವೇ ಬೇಡ. ನಾನು ದಿನಕ್ಕೆ ಎರಡು ಸಲ ಆ ಕೋಣೆಯಲ್ಲಿ ನೆಲದ ಮೇಲೆ ಕೂತು ಕಾಳು ಹಸನು ಮಾಡುತ್ತಿದ್ದೆ. ನಾಯಿಗೆ ಎದುರಾಗಿ ಅಲ್ಲ, ಪಕ್ಕಕ್ಕೆ ತಿರುಗಿ. ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ನಾಯಿಗೆ ಅದು ಜಗಳದ ಮಾತು. ಧಾರವಾಡ ಆಕಾಶವಾಣಿ ಸಣ್ಣಗೆ ಹಚ್ಚಿಡುತ್ತಿದ್ದೆ, ಮನುಷ್ಯರ ದನಿ ಕಿವಿಗೆ ರೂಢಿ ಆಗಲಿ ಅಂತ.

ಊಟ ಕೈಯಿಂದ ಕೊಡೋ ಆತುರ ಯಾರಿಗಿಲ್ಲ? ತಡೆದುಕೊಳ್ಳಿ. ಬೇಯಿಸಿದ ಕೋಳಿಯ ಕಡಲೆಕಾಳಿನಷ್ಟು ಚೂರನ್ನು ನಾಯಿಯ ಮುಂದೆ ಹಾಕಬೇಡಿ, ಅದರ ಹಿಂದೆ ಎಸೆಯಿರಿ. ತಿನ್ನೋಕೆ ನಿಮ್ಮಿಂದ ದೂರ ಹೋಗಬೇಕು. ಹೋಗಿ ತಿಂದು, ತಾನಾಗೇ ಹೊರಳಿ ನೋಡುತ್ತೆ. ಹತ್ತಿರ ಬರೋದು ಅದರ ಇಷ್ಟ ಅಂತ ಗೊತ್ತಾದರೆ ಅರ್ಧ ಹೆದರಿಕೆ ಇಳಿದ ಹಾಗೆ. ಐದನೇ ದಿನ ಸಂಜೆ ಚಿಗರಿ ಕುತ್ತಿಗೆ ಉದ್ದ ಮಾಡಿ ನನ್ನ ಸೀರೆ ಸೆರಗು ಮೂಸಿದಳು. ಹಿಂಗಾಲು ಮಾತ್ರ ಮಂಚದ ಕೆಳಗೇ, ಓಡೋಕೆ ತಯಾರಾಗಿ. ನಾನು ಉಸಿರೂ ಬಿಡಲಿಲ್ಲ. ಮೂಸಿ, ತುಟಿ ನೆಕ್ಕಿಕೊಂಡು, ಒಮ್ಮೆ ಆಕಳಿಸಿ ಒಳಗೆ ಹೋದಳು.

ಆ ತುಟಿ ನೆಕ್ಕೋದು, ಆಕಳಿಕೆ ಇದೆಯಲ್ಲ, ಅದು ಹಸಿವೂ ಅಲ್ಲ, ನಿದ್ದೆಯೂ ಅಲ್ಲ. "ಸಾಕು, ನನಗೆ ಕಷ್ಟ ಆಗ್ತಿದೆ" ಅನ್ನೋ ಮಾತು. ಕಣ್ಣಿನ ಬಿಳಿ ಕಾಣೋ ಹಾಗೆ ಓರೆಯಾಗಿ ನೋಡೋದು, ಬಾಲ ಹೊಟ್ಟೆಗೆ ಅಂಟಿಸೋದು, ಮೈ ಕಲ್ಲಿನಂತೆ ಬಿಗಿಯೋದು ಕಂಡರೆ ನೀವೇ ಹಿಂದೆ ಸರಿಯಿರಿ. ಗುರ್ ಅಂದಿದ್ದಕ್ಕೆ ಬೈಯಬೇಡಿ. ಗುರ್ ಅನ್ನೋದು ನಿಂತರೆ ಮುಂದಿನ ಸಲ ಹೇಳದೇ ಕಚ್ಚೀತು. ಹಲ್ಲು ತಾಗಿದರೆ ಸೋಪು ಹಾಕಿ, ನಲ್ಲಿ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಅರಿಶಿಣ ಹಚ್ಚಿ ಕೂರಬೇಡಿ.

ಮೊದಲ ದಿನ ತಿನ್ನದಿದ್ದರೆ ಗಾಬರಿ ಬೇಡ. ಎರಡು ದಿನ ದಾಟಿದರೆ, ನೀರೂ ಮುಟ್ಟದಿದ್ದರೆ, ವಾಂತಿ ಇಲ್ಲವೇ ರಕ್ತ ಬೇಧಿ ಆದರೆ ಡಾಕ್ಟರ ಹತ್ತಿರ ಹೋಗಿ. ಮರಿಗಳಿಗೆ ಅಷ್ಟು ಹೊತ್ತೂ ಕಾಯಬಾರದು. ನಮ್ಮಲ್ಲಿ ಅನ್ನ, ಮೊಟ್ಟೆ, ಕೋಳಿ, ಕೆಲವೊಮ್ಮೆ ಮಜ್ಜಿಗೆಯಲ್ಲಿ ನೆನೆಸಿದ ಜೋಳದ ರೊಟ್ಟಿ. ಉಳಿದ ಪಲ್ಯ, ಸಾರು ಮಾತ್ರ ಬೇಡ. ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ವಿಷ. ಇದನ್ನು ಅತ್ತೆಗೆ ಒಪ್ಪಿಸೋಕೆ ಒಂದು ತಿಂಗಳು ಹಿಡೀತು.

ಈಗ ಬಾಗಿಲಿನ ವಿಷಯ. ಹೆದರಿದ ನಾಯಿ ಓಡೋದು ಕಣ್ಣು ಮಿಟುಕಿಸೋದರೊಳಗೆ. ಒಂಬತ್ತನೇ ದಿನ ಬೆಳಿಗ್ಗೆ ನಾನು ಗೇಟು ಅರ್ಧ ತೆಗೆದು ಹಾಲು ತಗೊಳ್ತಿದ್ದೆ. ಕಾಲ ಸಂದಿಯಿಂದ ಚಿಗರಿ ಹೊರಗೆ! ನಾನು ಚಪ್ಪಲಿಯೂ ಇಲ್ಲದೆ ಕೂಗುತ್ತಾ ಹಿಂದೆ ಓಡಿದೆ. ಓಡಿದಷ್ಟೂ ಅವಳು ದೂರ. ಕೊನೆಗೆ ರೈಲು ಹಳಿ ಕಡೆ ಹೋದಳು ಅಂತ ಯಾರೋ ಹೇಳಿದಾಗ ಕೈಕಾಲು ತಣ್ಣಗಾದವು. ಆ ನಾಯಿ ತಂದುಕೊಟ್ಟ ಹುಡುಗ ಫೋನಿನಲ್ಲಿ, "ಅಕ್ಕಾರ, ಬೆನ್ನ ಹತ್ತಬ್ಯಾಡ್ರಿ. ಗೇಟ್ ತಗದು, ಆ ಕೌದಿ ಹೊರಗ ಹಾಸಿ ಸುಮ್ಕ ಕೂಡ್ರಿ" ಅಂದ. ಕೂತೆ. ರಾತ್ರಿ ಹನ್ನೊಂದೂವರೆಗೆ ಬಂದು ಕೌದಿ ಮೂಸಿ, ನನ್ನ ಕಡೆ ನೋಡದೇ ಒಳಗೆ ಹೋಗಿ ಮಂಚದ ಕೆಳಗೆ ಮಲಗಿದಳು.

ಅಂದಿನಿಂದ ಎರಡು ನಿಯಮ. ಒಂದು ಬಾಗಿಲು ಮುಚ್ಚದೇ ಇನ್ನೊಂದು ತೆಗೆಯೋ ಹಾಗಿಲ್ಲ. ಹೊರಗೆ ಕರೆದೊಯ್ಯುವಾಗ ಎರಡು ಹಗ್ಗ, ಒಂದು ಕೊರಳ ಬೆಲ್ಟಿಗೆ, ಇನ್ನೊಂದು ಎದೆಗೆ ಕಟ್ಟೋ ಹಾರ್ನೆಸ್ಸಿಗೆ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಬೆಲ್ಟು ತಲೆಯ ಮೇಲಿಂದ ಜಾರಿ ಬರುತ್ತೆ. ಬೆಲ್ಟಿನ ಮೇಲೆ ಫೋನ್ ನಂಬರು ಬರೆದಿರಲಿ.

ಗಣಪತಿ ಮೆರವಣಿಗೆ, ದೀಪಾವಳಿ ಪಟಾಕಿ ಬಂದರೆ ಸಂಜೆಗೆ ಮುಂಚೆಯೇ ಹೊರಗಿನ ಕೆಲಸ ಮುಗಿಸಿ, ಒಳಕೋಣೆಯಲ್ಲಿ ಫ್ಯಾನು, ರೇಡಿಯೋ ಹಚ್ಚಿ. ಹೆದರಿದಾಗ ಸವರಿದರೆ ಹೆದರಿಕೆ ಜಾಸ್ತಿ ಆಗುತ್ತೆ ಅನ್ನೋದು ಸುಳ್ಳು. ತಾನಾಗೇ ಬಂದು ಒರಗಿದರೆ ಸವರಿ.

ಮೂರು ತಿಂಗಳಿಗೆ ಹುಬ್ಬಳ್ಳಿಯ ವಿದ್ಯಾನಗರದ ಒಂದು ಮನೆಯವರು ಚಿಗರಿಯನ್ನು ಒಪ್ಪಿದರು. ಒಂದೇ ಸಲಕ್ಕೆ ಕೊಡಲಿಲ್ಲ. ಮೂರು ಭಾನುವಾರ ಅವರೇ ಬಂದು ನಮ್ಮ ನೆಲದ ಮೇಲೆ ಕೂತು ಕೋಳಿ ಚೂರು ಎಸೆದರು. ಕೊಡುವಾಗ ಕೌದಿಯನ್ನು ತೊಳೆಯದೇ ಜೊತೆಗೆ ಕಳಿಸಿ. ಹೊಸ ಮನೆಯಲ್ಲಿ ಅದಕ್ಕೆ ಗೊತ್ತಿರೋ ವಾಸನೆ ಅದೊಂದೇ. ಅತ್ತೆ ತಾವೇ ಮಡಚಿ ಕಾರಿನಲ್ಲಿಟ್ಟು, "ನಾಯಿಗೂ ಬಳುವಳಿ ಕೊಡೂದಾತು" ಅಂದರು. ಮರುದಿನ ಹಳೇ ಸೀರೆ ಹರವಿಕೊಂಡು ಇನ್ನೊಂದು ಹೊಲಿಯೋಕೆ ಕೂತರು.