ಮತ್ತೆ ಜೀವ ಪಡೆದದ್ದಕ್ಕೆ ಯಾವ ಪದ ಬರೆಯಬೇಕು?

ನಿಂತುಹೋದ, ಸೊರಗಿದ ಅಥವಾ ಪಾಳುಬಿದ್ದ ವಸ್ತುವೊಂದು ಮತ್ತೆ ಚಟುವಟಿಕೆಗೆ ಬಂದುದನ್ನು ಹೇಳಲು ಕನ್ನಡದಲ್ಲಿ ಪುನಶ್ಚೇತನ, ಪುನರುಜ್ಜೀವನ, ಜೀರ್ಣೋದ್ಧಾರ, ಪುನರಾರಂಭ, ಕಾಯಕಲ್ಪ, ಚೇತರಿಕೆ ಎಂದು ಹಲವು ಪದಗಳಿವೆ. ಪಂಚಾಯಿತಿಗೆ ಕೊಡುವ ಮನವಿಯಲ್ಲಿ, ಸಂಘದ ವರದಿಯಲ್ಲಿ, ಆಹ್ವಾನ ಪತ್ರಿಕೆಯಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುವುದು ಸಾಮಾನ್ಯ. ಪದ ಆರಿಸುವ ಮೊದಲು, ನಿಂತಿದ್ದದ್ದು ಯಾವುದು ಎಂದು ಕೇಳಿಕೊಳ್ಳಬೇಕು: ಉಸಿರೇ, ಕೆಲಸವೇ, ಕಟ್ಟಡವೇ ಅಥವಾ ಬರಿಯ ಪರವಾನಗಿಯೇ? ಪರವಾನಗಿಯಾದರೆ ನವೀಕರಣ ಎಂದು ಬರೆದು ಮುಗಿಸಬಹುದು; ಉಳಿದವುಗಳಿಗೆ ಇನ್ನಷ್ಟು ಎಚ್ಚರ ಬೇಕು.

ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಲ್ಲಿ ಇಂಥ ಪದಗಳು ಹೆಚ್ಚು ಬಳಕೆಯಾಗುವುದು ಕೆರೆಯ ವಿಷಯದಲ್ಲಿ. "ನಮ್ಮೂರ ಕೆರೆಯನ್ನು ಅಭಿವೃದ್ಧಿಪಡಿಸಿ ಕಾಯಕಲ್ಪ ನೀಡಬೇಕು" ಎಂಬ ವಾಕ್ಯವನ್ನು ನೋಡಿ. ಕಾಯಕಲ್ಪವೆಂದರೆ ಮೂಲತಃ ಮುಪ್ಪಾದ ದೇಹಕ್ಕೆ ಹೊಸ ಕಸುವು ತರುವ ಚಿಕಿತ್ಸೆ. ಪತ್ರಿಕೆಯ ತಲೆಬರಹಕ್ಕೆ ಅದು ಒಪ್ಪುತ್ತದೆಯಾದರೂ ಕಾಮಗಾರಿ ಏನೆಂಬುದನ್ನು ಅದು ಹೇಳುವುದಿಲ್ಲ. ಅಭಿವೃದ್ಧಿ ಎಂಬುದು ಅದಕ್ಕಿಂತಲೂ ಸಡಿಲವಾದ ಪದವಾದ್ದರಿಂದ, ಏರಿಯ ಮೇಲೆ ನಾಲ್ಕು ಕಲ್ಲುಬೆಂಚು ಹಾಕಿ, ಬಣ್ಣ ಬಳಿದು, ನಾಮಫಲಕ ನಿಲ್ಲಿಸಿದರೂ ಮನವಿ ಈಡೇರಿದಂತೆಯೇ ಲೆಕ್ಕ. ಅದೇ ಮಾತನ್ನು "ಕೆರೆಯ ಹೂಳೆತ್ತಿಸಿ, ಮುಚ್ಚಿಹೋಗಿರುವ ಪೋಷಕ ಕಾಲುವೆಯನ್ನು ತೆರವುಗೊಳಿಸಿ, ಸೋರುತ್ತಿರುವ ತೂಬನ್ನು ದುರಸ್ತಿ ಮಾಡಿಸಿ, ಕೆರೆಯನ್ನು ಪುನಶ್ಚೇತನಗೊಳಿಸಬೇಕೆಂದು ಕೋರುತ್ತೇವೆ" ಎಂದು ಬರೆದರೆ, ಕ್ರಿಯಾಪದಗಳು ಕೆಲಸವನ್ನು ಎಣಿಸಿಕೊಡುತ್ತವೆ, ದೊಡ್ಡ ಪದ ಕೊನೆಯಲ್ಲಿ ಬಂದು ಅವನ್ನೆಲ್ಲ ಒಟ್ಟಾಗಿ ಹಿಡಿಯುತ್ತದೆ. ಪುನಶ್ಚೇತನ ಎಂಬ ಪದ ಇಲ್ಲಿ ಸರಿಯಾಗಿಯೇ ಇದೆ, ಏಕೆಂದರೆ ಕೆರೆ ಇನ್ನೂ ಇದೆ, ಅದರ ಕಸುವು ಮಾತ್ರ ಕುಂದಿದೆ. ಒತ್ತುವರಿಯಾಗಿ ಗುರುತೇ ಅಳಿಸಿಹೋದ ಕೆರೆಯನ್ನು ಮತ್ತೆ ಕಟ್ಟುವುದಾದರೆ ಅದು ಪುನರ್ನಿರ್ಮಾಣ. ಕೊಳವೆಬಾವಿಗೆ ಮಳೆನೀರು ಇಂಗಿಸುವುದಕ್ಕೆ ಮರುಪೂರಣ ಎಂಬ ಪದ ಆಗಲೇ ರೂಢಿಯಲ್ಲಿದೆ.

ನೀರು ತುಂಬಿದ್ದನ್ನೆಲ್ಲ ಪುನರುಜ್ಜೀವನ ಎನ್ನಬೇಕಾಗಿಲ್ಲ. 1933ರಲ್ಲಿ ತುಂಬಿದ್ದ ವಾಣಿ ವಿಲಾಸ ಸಾಗರವು 2022ರಲ್ಲಿ ಮತ್ತೆ ಕೋಡಿ ಬಿದ್ದಿತು. ಈ ನಡುವೆ ಅಣೆಕಟ್ಟೆಯೇನೂ ಸತ್ತಿರಲಿಲ್ಲ. ಅದಕ್ಕೆ ಕೋಡಿ ಬಿದ್ದಿತು, ಮೈದುಂಬಿತು ಎಂಬ ನಮ್ಮ ಮಾತುಗಳೇ ಸಾಕು, ಅವುಗಳ ಮುಂದೆ ಪುನರುಜ್ಜೀವನವು ಸರ್ಕಾರಿ ಕಡತದಂತೆ ಕಾಣುತ್ತದೆ.

ಕಾರ್ಖಾನೆಗಳ ವಿಷಯದಲ್ಲಿ ಆರಂಭ ಮತ್ತು ಚೇತನಗಳ ನಡುವಣ ಅಂತರವನ್ನು ಗಮನಿಸಬೇಕು. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ದಾವಣಗೆರೆಯಲ್ಲಿ ಬಾಗಿಲು ಮುಚ್ಚಿದ ಹತ್ತಿಗಿರಣಿಯ ಯಂತ್ರಗಳು ಮತ್ತೆ ತಿರುಗತೊಡಗಿದರೆ ಅದು ಪುನರಾರಂಭ. ಬಾಗಿಲು ತೆರೆದೇ ಇದ್ದು, ಸಾಲ ಮತ್ತು ನಷ್ಟದಲ್ಲಿ ಕುಂಟುತ್ತಿರುವ ರೋಗಗ್ರಸ್ತ ಗಿರಣಿಗೆ ಬಂಡವಾಳ ಒದಗಿಸಿ ನಿಲ್ಲಿಸುವುದು ಪುನಶ್ಚೇತನ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಹಳೆಯ ವಿನ್ಯಾಸವೊಂದು ಬಳಕೆಯಿಂದ ಮರೆಯಾಗಿ, ನೇಕಾರರು ಅದನ್ನು ಮತ್ತೆ ಮಗ್ಗಕ್ಕೆ ತಂದರೆ ಪುನರುಜ್ಜೀವನ ಎಂಬ ಪದಕ್ಕೆ ಅಲ್ಲಿ ತಕ್ಕ ಜಾಗ ಸಿಗುತ್ತದೆ. ಕಲೆ, ವಿದ್ಯೆ, ಸಂಪ್ರದಾಯಗಳೊಂದಿಗೆ ಅದು ಚೆನ್ನಾಗಿ ಹೊಂದುತ್ತದೆ.

ದೇವಸ್ಥಾನಕ್ಕೆ ಜೀರ್ಣೋದ್ಧಾರ ಎಂಬುದು ರೂಢಿಯ ಪದ. ಆದರೆ ಚಿತ್ರದುರ್ಗದ ಕೋಟೆ, ಹರಿಹರದ ಹರಿಹರೇಶ್ವರ ದೇವಾಲಯದಂಥ ಸಂರಕ್ಷಿತ ಸ್ಮಾರಕಗಳ ಬಗ್ಗೆ ಬರೆಯುವಾಗ ಸಂರಕ್ಷಣೆ ಎಂದೇ ಬರೆಯುವುದು ಉಚಿತ, ಏಕೆಂದರೆ ಜೀರ್ಣೋದ್ಧಾರದಲ್ಲಿ ಹಳೆಯದನ್ನು ಕಳಚಿ ಹೊಸದು ಕಟ್ಟುವುದಕ್ಕೂ ಎಡೆಯಿದೆ, ಸ್ಮಾರಕದಲ್ಲಿ ಹಾಗಿಲ್ಲ.

ಜೀವವಿರುವುದಕ್ಕೆ ಆಡುಗನ್ನಡವೇ ಲೇಸು. ಚಳ್ಳಕೆರೆ ಸೀಮೆಯಲ್ಲಿ ಬಾಡುತ್ತಿದ್ದ ಶೇಂಗಾ ಹದ ಮಳೆಗೆ ಚೇತರಿಸಿಕೊಳ್ಳುತ್ತದೆ. ಕಡಿದ ಬೇವಿನ ಬುಡ ಚಿಗುರುತ್ತದೆ. ಜ್ವರದಿಂದ ಎದ್ದವರ ಮುಖಕ್ಕೆ ಕಳೆ ಬರುತ್ತದೆ. ಚುನಾವಣೆ ಹತ್ತಿರವಾದಾಗ ರಾಜಕೀಯ ಚಟುವಟಿಕೆ ಗರಿಗೆದರುತ್ತದೆ. ಮರುಕಳಿಸು ಎಂಬ ಕ್ರಿಯಾಪದ ಮಾತ್ರ ಹೆಚ್ಚಾಗಿ ರೋಗ, ಜಗಳ, ಅವಘಡಗಳ ಬೆನ್ನಿಗೇ ಬರುವಂಥದ್ದು. ಗತವೈಭವ ಮರುಕಳಿಸಲಿ ಎಂಬ ಬಳಕೆ ಈಗ ನೆಲೆಯೂರಿರುವುದರಿಂದ ತಪ್ಪೆನ್ನಲಾಗದು, ಆದರೂ ನನಗೆ ಅದು ರುಚಿಸುವುದಿಲ್ಲ.

ಇನ್ನು ವಾಕ್ಯರಚನೆ. ವರದಿಯಲ್ಲಿ "ಕೆರೆ ಪುನಶ್ಚೇತನಗೊಂಡಿದೆ" ಎಂದಷ್ಟೇ ಬರೆದರೆ ಮಾಡಿದವರು ಯಾರೆಂಬುದು ಮರೆಯಾಗುತ್ತದೆ. ರೈತರು ತಾವೇ ಟ್ರ್ಯಾಕ್ಟರ್ ಕಟ್ಟಿ ಹೂಳು ಸಾಗಿಸಿದ್ದರೆ ಕರ್ತೃವನ್ನು ಮುಂದಿಟ್ಟು "ರೈತರು ಕೆರೆಯನ್ನು ಪುನಶ್ಚೇತನಗೊಳಿಸಿದರು" ಎಂದೇ ಬರೆಯಬೇಕು.

ಕಾಗುಣಿತದಲ್ಲಿ ಎಡವುವುದು ಬಹುತೇಕ ಸಂಧಿಯಲ್ಲಿ. ಪುನಃ ಎಂಬುದರ ಮುಂದೆ ಸ್ವರವಾಗಲಿ ಜ, ನ, ವದಂಥ ಅಕ್ಷರವಾಗಲಿ ಬಂದರೆ ವಿಸರ್ಗವು ರೇಫವಾಗಿ ಪುನರಾರಂಭ, ಪುನರ್ಜನ್ಮ, ಪುನರ್ವಸತಿ ಎಂದಾಗುತ್ತದೆ. ಚಕಾರ ಬಂದರೆ ಶಕಾರವಾಗಿ ಪುನಶ್ಚೇತನ ಎಂದಾಗುತ್ತದೆ. ಪಕಾರ ಬಂದರೆ ವಿಸರ್ಗ ಹಾಗೆಯೇ ಉಳಿಯುವುದರಿಂದ ಪುನರ್‌ಪರಿಶೀಲನೆ ಎಂಬುದು ತಪ್ಪು. ಪುನಃಪರಿಶೀಲನೆ ಎನ್ನಬೇಕು, ಇಲ್ಲವೇ ಮರುಪರಿಶೀಲನೆ ಎಂದು ಬರೆದು ಗೊಂದಲದಿಂದ ಪಾರಾಗಬೇಕು. ಜೀರ್ಣೋದ್ಧಾರದಲ್ಲಿ ದಕಾರಕ್ಕೆ ಧಕಾರದ ಒತ್ತು ಬರುತ್ತದೆಯೇ ಹೊರತು ದಕಾರದ್ದಲ್ಲ. ಫ್ಲೆಕ್ಸ್ ಅಂಗಡಿಯಲ್ಲಿ ಅಚ್ಚಿಗೆ ಹಾಕುವ ಮೊದಲು ಇದೊಂದನ್ನು ನಿಂತು ನೋಡಿ. "ಮತ್ತೆ ಪುನರಾರಂಭ" ಎಂದು ಬರೆದಿದ್ದರೆ ಅಲ್ಲಿಯೇ "ಮತ್ತೆ" ಎಂಬುದನ್ನು ಹೊಡೆದುಹಾಕಿಸಿ.